ಒಂದು ಬೆಕ್ಕಿಗಿಂತ ಎರಡು ಮೇಲು: ಜೋಡಿ ಆರಿಸುವುದರಿಂದ ಹೊಂದಿಸುವವರೆಗೆ

ಒಂಟಿ ಮರಿಯೊಂದನ್ನು ಮನೆಗೆ ತಂದವರು ತಿಂಗಳೊಳಗೆ ಹೇಳುವ ದೂರುಗಳು ಹೆಚ್ಚುಕಡಿಮೆ ಒಂದೇ. ಕೈ ಚಾಚಿದರೆ ಕಚ್ಚುತ್ತದೆ. ನಡೆಯುತ್ತಿದ್ದರೆ ಹಿಂದಿನಿಂದ ಬಂದು ಹಿಮ್ಮಡಿಗೆ ಎರಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಹೊದಿಕೆಯೊಳಗಿನ ಕಾಲ್ಬೆರಳನ್ನು ಬೇಟೆಯಾಡುತ್ತದೆ. ಮರಿಯ ಸ್ವಭಾವ ಕೆಟ್ಟದ್ದೆಂದು ತಿಳಿಯಬೇಡಿ. ಆ ವಯಸ್ಸಿನಲ್ಲಿ ಅದು ದಿನಕ್ಕೆ ಹಲವು ಸಲ ಓಡಿ, ಹೊಂಚುಹಾಕಿ, ಕುಸ್ತಿಯಾಡಿ ದಣಿಯಬೇಕು. ಜೊತೆಗೆ ಇನ್ನೊಂದು ಮರಿ ಇಲ್ಲದಿದ್ದರೆ ಅದಕ್ಕೆ ಸಿಗುವುದು ನಿಮ್ಮ ಕೈಕಾಲು ಮಾತ್ರ.

ಎರಡು ಮರಿಗಳು ಆಡುವುದನ್ನು ಐದು ನಿಮಿಷ ಸುಮ್ಮನೆ ಕೂತು ನೋಡಿ. ಒಂದು ಇನ್ನೊಂದರ ಕಿವಿ ಹಿಡಿಯುತ್ತದೆ. ಹಲ್ಲು ತುಸು ಜೋರಾಗಿ ಊರಿತೆಂದರೆ ಕೆಳಗೆ ಬಿದ್ದದ್ದು ಕೀಚ್ ಎಂದು ಕಿರುಚಿ, ಹಿಂಗಾಲಲ್ಲಿ ಒದ್ದು, ಬಿಡಿಸಿಕೊಂಡು ದೂರ ಹೋಗಿ ಕೂರುತ್ತದೆ. ಅಲ್ಲಿಗೆ ಆಟ ನಿಂತಿತು. ಕಚ್ಚಿದ್ದು ಪೆಚ್ಚಾಗಿ ನೋಡುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮೆಲ್ಲನೆ ಹತ್ತಿರ ಬರುತ್ತದೆ. ಈ ಸಲ ಬಾಯಿ ಮೆತ್ತಗಾಗಿರುತ್ತದೆ. ದಿನಕ್ಕೆ ಹತ್ತಾರು ಬಾರಿ ನಡೆಯುವ ಈ ಪಾಠವನ್ನು ಮನುಷ್ಯರ ಕೈ ಕಲಿಸುವುದು ಬಲು ಕಷ್ಟ. ಕಚ್ಚಿದ ಕೂಡಲೇ ನಾವು ಕೈಯನ್ನು ಥಟ್ಟನೆ ಎಳೆದುಕೊಳ್ಳುತ್ತೇವೆ. ಮರಿಯ ಕಣ್ಣಿಗೆ ಅದು ತಪ್ಪಿಸಿಕೊಂಡು ಓಡುವ ಬೇಟೆ, ಹಾಗಾಗಿ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

ದೊಡ್ಡದಾದ ಮೇಲೂ ಜೊತೆಯ ಲಾಭ ಮುಂದುವರಿಯುತ್ತದೆ. ಮನೆಯವರೆಲ್ಲ ದಿನವಿಡೀ ಹೊರಗಿದ್ದಾಗ ಓಡಿಸಲು, ಓಡಿಸಿಕೊಳ್ಳಲು ಒಂದು ಜೀವ ಇರುತ್ತದೆ. ಮೈ ಬೊಜ್ಜು ಬೆಳೆಯುವುದು ತುಸು ತಪ್ಪುತ್ತದೆ. ಸ್ವಂತ ನಾಲಿಗೆ ಎಟುಕದ ನೆತ್ತಿ, ಕಿವಿಯ ಹಿಂಭಾಗ, ಕುತ್ತಿಗೆಯನ್ನು ಜೊತೆಗಾರ ನೆಕ್ಕಿ ಶುಚಿಮಾಡುತ್ತದೆ. ಒಂದು ಧೈರ್ಯಸ್ಥ ಬೆಕ್ಕು ಮನೆಗೆ ಬಂದವರ ಬಳಿ ನಿರಾಳವಾಗಿ ಓಡಾಡಿದರೆ, ಮಂಚದಡಿಯ ಅಂಜುಬುರುಕ ಬೆಕ್ಕು ಅದನ್ನು ನೋಡಿ ಒಂದೊಂದೇ ಹೆಜ್ಜೆ ಹೊರಗಿಡುತ್ತದೆ.

ಆದರೆ ಬೆಕ್ಕು ನಾಯಿಯ ಹಾಗೆ ಗುಂಪಿನ ಪ್ರಾಣಿಯಲ್ಲ. ಒಂಟಿಯಾಗಿ ಬೇಟೆಯಾಡಿ, ಒಂಟಿಯಾಗಿ ತಿನ್ನುವ ಜಾತಿ ಅದು. ಹಾಗಿದ್ದೂ ಆಹಾರ ಧಾರಾಳವಾಗಿ ಸಿಗುವ ಕಡೆ ತಾಯಿ, ಮಗಳು, ಅಕ್ಕತಂಗಿ ಬೆಕ್ಕುಗಳು ಒಟ್ಟಿಗೆ ನೆಲೆಸಿ, ಒಂದರ ಮರಿಗೆ ಇನ್ನೊಂದು ಹಾಲೂಡಿಸುತ್ತ ಬದುಕುವುದೂ ಉಂಟು. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡರೆ ಜೋಡಿ ಸಾಕುವ ಗುಟ್ಟು ತಿಳಿದಂತೆ. ಸಂಗವನ್ನು ಹಂಚಿಕೊಳ್ಳಲಿ. ತಟ್ಟೆ, ಮಲಮೂತ್ರದ ಟ್ರೇ, ಮಲಗುವ ಜಾಗ ಇವುಗಳಲ್ಲಿ ಯಾವುದನ್ನೂ ಹಂಚಿಕೊಳ್ಳುವ ಒತ್ತಾಯ ಬೇಡ.

ಯಾವ ಜೋಡಿ ಹೊಂದುತ್ತದೆ

ಒಂದೇ ತಾಯಿ ಒಂದೇ ಸಲ ಹಾಕಿದ ಎರಡು ಮರಿಗಳು ಎಲ್ಲಕ್ಕಿಂತ ಸುಲಭದ ಜೋಡಿ. ಮರಿಗಳು ಒಟ್ಟಿಗಿರುವಾಗಲೇ ಹೋಗಿ ನೋಡಿ. ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುವ, ಪರಸ್ಪರ ಹುಡುಕಿಕೊಂಡು ಹೋಗಿ ಆಡುವ ಎರಡನ್ನು ಆರಿಸಿ. ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ. ಹನ್ನೆರಡು ವಾರದವರೆಗೆ ಬಿಟ್ಟರೆ ಇನ್ನೂ ಒಳ್ಳೆಯದು. ಬೇರೆ ಬೇರೆ ತಾಯಿಯ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಮರಿಗಳೂ ಕೆಲವೇ ದಿನಗಳಲ್ಲಿ ಒಂದಾಗುತ್ತವೆ.

ಮನೆಯಲ್ಲಿ ಈಗಾಗಲೇ ದೊಡ್ಡ ಬೆಕ್ಕಿದ್ದರೆ ವಯಸ್ಸಿಗಿಂತ ಹುರುಪು ಹೊಂದುವುದು ಮುಖ್ಯ. ಮೂರು ವರ್ಷದ ಚುರುಕು ಬೆಕ್ಕಿಗೆ ಅಷ್ಟೇ ಚುರುಕಿನದು ಬೇಕು. ಹತ್ತು ದಾಟಿದ, ಕೀಲುನೋವಿನ ಬೆಕ್ಕಿನ ಮುಂದೆ ಮೂರು ತಿಂಗಳ ಒಂಟಿ ಮರಿಯನ್ನು ಬಿಟ್ಟರೆ ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಮಾತು ಮುದಿ ಬೆಕ್ಕಿಗೇ ಅನ್ವಯಿಸುತ್ತದೆ. ಮರಿ ಬಾಲ ಹಿಡಿದು ಎಳೆಯುತ್ತದೆ, ಮಲಗಿದ್ದರೆ ಮೈಮೇಲೆ ಹಾರುತ್ತದೆ, ಹಿರಿಯದು ದಿನಗಟ್ಟಲೆ ಅಲಮಾರಿನ ಮೇಲೆ ಕೂತು ಕಳೆಯುತ್ತದೆ. ಅಂಥ ಮನೆಗೆ ಮರಿ ತರಲೇಬೇಕೆಂದಿದ್ದರೆ ಎರಡು ತನ್ನಿ, ಅವು ಒಂದನ್ನೊಂದು ದಣಿಸಿಕೊಳ್ಳುತ್ತವೆ, ಹಿರಿಯದಕ್ಕೆ ನೆಮ್ಮದಿ. ಹಿಂದೆ ಬೇರೆ ಬೆಕ್ಕಿನಿಂದ ಗಾಯಗೊಂಡು ಬೆದರಿದ ಬೆಕ್ಕು, ದೀರ್ಘ ಕಾಯಿಲೆಯ ಬೆಕ್ಕು, ವರ್ಷಗಟ್ಟಲೆ ಒಂಟಿಯಾಗಿದ್ದು ಕಿಟಕಿಯಾಚೆಯ ಬೆಕ್ಕನ್ನು ಕಂಡರೂ ಕೆಂಡವಾಗುವ ಬೆಕ್ಕು, ಇವನ್ನು ಒಂಟಿಯಾಗಿಯೇ ಇರಲು ಬಿಡುವುದು ದಯೆ.

ಸಂತಾನಹರಣದ ಆಪರೇಷನ್ ಆದ ಮೇಲೆ ಗಂಡು–ಹೆಣ್ಣೆಂಬುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಆಗದಿದ್ದರೆ ಮಾತ್ರ ಅದೇ ಎಲ್ಲ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಒಡಹುಟ್ಟಿದ ಗಂಡೆಂಬ ಭೇದ ಅದಕ್ಕಿಲ್ಲ, ಗಬ್ಬವಾದರೆ ಸುಮಾರು ಒಂಬತ್ತು ವಾರಕ್ಕೆ ಮರಿ ಹಾಕುತ್ತದೆ. ನಾಲ್ಕರಿಂದ ಐದು ತಿಂಗಳೊಳಗೆ ಎರಡಕ್ಕೂ ಸಂತಾನಹರಣ ಮಾಡಿಸುವ ಬಗ್ಗೆ ಪಶುವೈದ್ಯರೊಂದಿಗೆ ಮೊದಲ ಭೇಟಿಯಲ್ಲೇ ಮಾತಾಡಿ. ಬೆಳೆದ ಗಂಡಿಗೆ ಆಪರೇಷನ್ ಆದ ಮೇಲೂ ಕೆಲವು ವಾರ ಗಬ್ಬ ಕಟ್ಟಿಸುವ ಶಕ್ತಿ ಉಳಿದಿರುತ್ತದೆ; ಅಷ್ಟು ದಿನ ಆಪರೇಷನ್ ಆಗದ ಹೆಣ್ಣಿನಿಂದ ದೂರವಿಡಿ.

ಎರಡನೆಯದು ಕಾಲಿಡುವ ಮುನ್ನ

ಹೊಸ ಬೆಕ್ಕು ನೇರ ಮನೆಗೆ ಬರಬಾರದು, ಪಶುವೈದ್ಯರ ಮೇಜಿನ ಮೂಲಕ ಬರಬೇಕು. ಬೆಕ್ಕಿನ ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ವೈರಸ್ ಮತ್ತು ರೋಗನಿರೋಧಕ ಶಕ್ತಿ ಕುಗ್ಗಿಸುವ ಎಫ್‌ಐವಿ ವೈರಸ್ ಎರಡಕ್ಕೂ ರಕ್ತಪರೀಕ್ಷೆ ಮಾಡಿಸಿ. ಲ್ಯುಕೀಮಿಯಾ ವೈರಸ್ ಜೊಲ್ಲಿನಿಂದ ಹರಡುತ್ತದೆ, ಒಂದನ್ನೊಂದು ನೆಕ್ಕಿದರೆ, ಒಂದೇ ಬಟ್ಟಲಲ್ಲಿ ಉಂಡರೆ ಸಾಕು. ಎಫ್‌ಐವಿ ಮುಖ್ಯವಾಗಿ ಆಳವಾದ ಕಡಿತದ ಗಾಯದಿಂದ ಬರುತ್ತದೆ. ಆರು ತಿಂಗಳೊಳಗಿನ ಮರಿಯಲ್ಲಿ ಎಫ್‌ಐವಿ ಇದೆಯೆಂದು ವರದಿ ಬಂದರೆ ಕಂಗಾಲಾಗಬೇಡಿ. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಹಾಗೆ ತೋರಿಸಬಹುದು, ಆರು ತಿಂಗಳು ದಾಟಿದ ಮೇಲೆ ಮತ್ತೆ ಪರೀಕ್ಷಿಸಬೇಕು. ಲಸಿಕೆಗಳು 6–8 ವಾರಕ್ಕೆ ಶುರುವಾಗಿ, 3–4 ವಾರಕ್ಕೊಮ್ಮೆ, 16 ವಾರದವರೆಗೆ ನಡೆಯುತ್ತವೆ. ಮನೆಯಲ್ಲಿ ಹಿಂದೆ ಮರಿಯೊಂದು ಪ್ಯಾನ್‌ಲ್ಯುಕೋಪೀನಿಯಾ ಎಂಬ ಮಾರಕ ವೈರಸ್ ಕಾಯಿಲೆಯಿಂದ ಸತ್ತಿದ್ದರೆ ಆ ವೈರಸ್ ಒಂದು ವರ್ಷದವರೆಗೂ ನೆಲ, ಹಾಸಿಗೆಗಳಲ್ಲಿ ಉಳಿಯಬಲ್ಲದು. ಅಂಥ ಮನೆಗೆ ಲಸಿಕೆಗಳೆಲ್ಲ ಪೂರ್ತಿಯಾದ ಬೆಕ್ಕನ್ನೇ ತನ್ನಿ.

ಚರ್ಮದ ಮೇಲೆ ಕೂದಲುದುರಿದ ದುಂಡನೆಯ ಕಲೆ ಇದೆಯೇ ನೋಡಿ. ಹುಳುಕಡ್ಡಿಯಾಗಿದ್ದರೆ ಹಳೆಯ ಬೆಕ್ಕಿಗೂ ಮನೆಯವರಿಗೂ ಅಂಟುತ್ತದೆ. ಚಿಗಟಕ್ಕೆ ಎರಡೂ ಬೆಕ್ಕಿಗೆ ಒಂದೇ ದಿನ, ಆಯಾ ತೂಕಕ್ಕೆ ತಕ್ಕ ಔಷಧಿ ಹಾಕಬೇಕು. ನಾಯಿಗೆಂದು ತಂದ, ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಔಷಧಿಯನ್ನು ಬೆಕ್ಕಿಗೆ ಎಂದೂ ಹಚ್ಚಬೇಡಿ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಕರಗಿಸುವ ಶಕ್ತಿಯಿಲ್ಲ, ನಡುಕ ಬಂದು ಜೀವವೇ ಹೋಗಬಹುದು.

ಹೊಸದಕ್ಕೆ ಬಾಗಿಲಿರುವ ಒಂದು ಕೋಣೆ ಬಿಟ್ಟುಕೊಡಿ. ಒಂದು ಮೂಲೆಯಲ್ಲಿ ಟ್ರೇ, ಎದುರು ಮೂಲೆಯಲ್ಲಿ ಆಹಾರ, ನೀರು ಮತ್ತೊಂದು ಕಡೆ. ಎರಡು ಬದಿ ತೂತು ಕೊರೆದ ರಟ್ಟಿನ ಪೆಟ್ಟಿಗೆ, ಉಗುರು ಕೆರೆಯಲು ಒಂದು ಕಂಬ ಅಥವಾ ಹಲಗೆ, ಮೊದಲಿದ್ದ ಜಾಗದಿಂದ ತಂದ ಒಗೆಯದ ಬಟ್ಟೆ. ಕಾಯಿಲೆ ಏನಾದರೂ ಒಳಗಿದ್ದರೆ ಹೊರಬೀಳಲು ಎರಡು ವಾರ ಬೇಕು, ಅಷ್ಟು ದಿನ ಮುಖಾಮುಖಿ ಬೇಡ. ಮುಂದೆ ಹೇಳುವ ಬಾಗಿಲಾಚೆಯ ಹಂತಗಳು ಹೇಗೂ ಆ ಅವಧಿಯಲ್ಲಿ ನಡೆಯುತ್ತವೆ.

ಪರಿಚಯ ಮಾಡಿಸುವುದು

ಜೋಡಿ ಕೆಡುವುದು ಬಹುಪಾಲು ಇಲ್ಲೇ. “ಬಿಡಿ, ಒಂದೆರಡು ದಿನ ಕಿತ್ತಾಡಿ ಅವೇ ಹೊಂದಿಕೊಳ್ಳುತ್ತವೆ” ಎಂದು ಮೊದಲ ದಿನವೇ ಕ್ಯಾರಿಯರ್ (ಬೆಕ್ಕನ್ನು ಒಯ್ಯುವ ಪೆಟ್ಟಿಗೆ) ಬಾಗಿಲು ತೆರೆಯುತ್ತಾರೆ. ಮೊದಲ ಭೇಟಿಯಲ್ಲಿ ಬಿದ್ದ ಭಯವನ್ನು ಬೆಕ್ಕು ಸುಲಭಕ್ಕೆ ಮರೆಯುವುದಿಲ್ಲ. ಆಮೇಲೆ ಸರಿಪಡಿಸಲು ತಿಂಗಳುಗಳೇ ಹಿಡಿಯಬಹುದು. ಬೆಕ್ಕು ಪರಿಚಯವನ್ನು ಮೂಗಿನಿಂದ ಶುರುಮಾಡುತ್ತದೆ, ಕಣ್ಣಿನಿಂದಲ್ಲ. ಹಂತಗಳ ಕ್ರಮವೂ ಹಾಗೆಯೇ ಇರಲಿ.

1. ಮುಚ್ಚಿದ ಬಾಗಿಲು. ಹೊಸದು ಚೆನ್ನಾಗಿ ತಿಂದು, ಟ್ರೇ ಬಳಸಿ, ನೀವು ಒಳಗೆ ಬಂದಾಗ ಅಡಗಿದಲ್ಲಿಂದ ಹೊರಬರುವವರೆಗೆ ಬೇರೇನೂ ಮಾಡಬೇಡಿ. ಮೂರು ದಿನವಾಗಬಹುದು, ವಾರವೂ ಆಗಬಹುದು. ಹಳೆಯದು ಬಾಗಿಲು ಮೂಸಿ ಬುಸ್ ಎಂದರೆ ಗದರಬೇಡಿ. ದೂರ ಇರು ಎಂದು ಹೇಳುವ ಭಾಷೆ ಅದು, ತಪ್ಪೇನಲ್ಲ.

2. ವಾಸನೆಯ ಅದಲುಬದಲು. ಬೆಕ್ಕಿನ ಕೆನ್ನೆಯಲ್ಲಿ, ಕಣ್ಣು–ಕಿವಿಯ ನಡುವೆ ವಾಸನೆ ಸೂಸುವ ಗ್ರಂಥಿಗಳಿವೆ. ಒಗೆದ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಒಂದರ ಕೆನ್ನೆ ಸವರಿ, ಇನ್ನೊಂದರ ತಟ್ಟೆಯಿಂದ ಒಂದು ಮೀಟರ್ ದೂರದಲ್ಲಿಡಿ. ಮೂಸಿ ಸುಮ್ಮನೆ ಹೋದರೆ, ಅಥವಾ ಅದಕ್ಕೇ ಮೂತಿ ಉಜ್ಜಿದರೆ ದಿನದಿನಕ್ಕೆ ತಟ್ಟೆಗೆ ಹತ್ತಿರ ತನ್ನಿ. ಬುಸುಗುಟ್ಟಿದರೆ ಇನ್ನಷ್ಟು ದೂರ ಇಡಿ. ಮಲಗುವ ಬಟ್ಟೆಗಳನ್ನೂ ಬದಲಿಸಿ. ಇದು ಸಲೀಸಾದ ಮೇಲೆ ದಿನಕ್ಕೆ ಅರ್ಧ ಗಂಟೆ ಜಾಗವನ್ನೇ ಅದಲುಬದಲು ಮಾಡಿ. ಹೊಸದು ಮನೆಯೆಲ್ಲ ಸುತ್ತಲಿ, ಹಳೆಯದು ಆ ಕೋಣೆಯಲ್ಲಿರಲಿ, ಎದುರುಬದುರಾಗದಿರಲಿ.

3. ಬಾಗಿಲ ಎರಡು ಬದಿ ಊಟ. ಬಾಗಿಲಿಂದ ಎರಡು ಮೀಟರ್ ಆಚೆ–ಈಚೆ ತಟ್ಟೆಯಿಟ್ಟು ಒಂದೇ ಹೊತ್ತಿಗೆ ಬಡಿಸಿ. ಎರಡೂ ತಲೆತಗ್ಗಿಸಿ ತಿಂದರೆ ಮರುದಿನ ಒಂದು ಗೇಣು ಹತ್ತಿರ. ಯಾವುದಾದರೂ ತಿನ್ನುವುದು ಬಿಟ್ಟು ಬಾಗಿಲನ್ನೇ ದಿಟ್ಟಿಸಿದರೆ ಹಿಂದಿನ ದಿನದ ದೂರಕ್ಕೆ ಹಿಂತಿರುಗಿ. ಈ ದಿನಗಳಲ್ಲೇ ಬಾಗಿಲ ಕೆಳಗಿನ ಸಂದಿಯನ್ನು ಗಮನಿಸಿ. ಒಂದು ಪಂಜ ಮೆಲ್ಲನೆ ಈಚೆಗೆ ಬರುತ್ತದೆ, ಉಗುರು ಒಳಗೇ ಇರುತ್ತದೆ. ಈಚೆಯದು ಅದನ್ನು ಮುಟ್ಟಿ ನೋಡಿ ಹಿಂದೆ ಸರಿದು ಮತ್ತೆ ಮುಟ್ಟುತ್ತದೆ. ಇದಕ್ಕಿಂತ ಒಳ್ಳೆಯ ಸೂಚನೆ ಬೇರಿಲ್ಲ.

4. ನೋಟ. ಬಾಗಿಲಿಗೆ ಜಾಲರಿ ಕಟ್ಟಿ, ಇಲ್ಲವೇ ಮೂರು ಬೆರಳಗಲ ಮಾತ್ರ ತೆರೆದು ಎರಡು ಕಡೆಯೂ ಭದ್ರವಾಗಿ ತಡೆ ಕೊಡಿ. ಮೊದಲು ಜಾಲರಿಯ ಮುಕ್ಕಾಲು ಭಾಗಕ್ಕೆ ಬಟ್ಟೆ ಇಳಿಬಿಟ್ಟು, ಊಟದ ಹೊತ್ತಲ್ಲಿ ಐದು ನಿಮಿಷ ಮಾತ್ರ ಕಾಣಿಸಿ. ಮೈ ಸೆಟೆದು, ರೆಪ್ಪೆ ಬಡಿಯದ ದಿಟ್ಟಿ ಶುರುವಾದರೆ ಜಗಳ ಬಂತೆಂದೇ ಲೆಕ್ಕ. ಕೋಲಿಗೆ ಕಟ್ಟಿದ ಗರಿಯನ್ನು ಪಕ್ಕಕ್ಕೆ ಆಡಿಸಿ ಆ ನೋಟ ಮುರಿಯಿರಿ, ಬಟ್ಟೆ ಇಳಿಸಿ.

5. ಒಂದೇ ಕೋಣೆ. ಅದಕ್ಕೆ ಮೊದಲು ಎರಡರ ಉಗುರಿನ ತುದಿ ಕತ್ತರಿಸಿ, ಬೇರೆಬೇರೆಯಾಗಿ ಆಡಿಸಿ ದಣಿಸಿ. ಇಬ್ಬರು ಇರಿ, ಕೈಯಲ್ಲಿ ಎರಡು ಗರಿಕೋಲು ಇರಲಿ. ಐದರಿಂದ ಹತ್ತು ನಿಮಿಷ, ಎಲ್ಲ ಚೆನ್ನಾಗಿರುವಾಗಲೇ ಮುಗಿಸಿ, ದಿನವೂ ಸ್ವಲ್ಪ ಹೆಚ್ಚಿಸಿ. ಬೆಕ್ಕನ್ನು ಎತ್ತಿಕೊಂಡು ಇನ್ನೊಂದರ ಮೂತಿಗೆ ಹಿಡಿಯಬೇಡಿ, ಒಂದನ್ನು ಕ್ಯಾರಿಯರ್‌ನಲ್ಲಿ ಕೂಡಿಹಾಕಿ ಇನ್ನೊಂದನ್ನು ಸುತ್ತಲು ಬಿಡಬೇಡಿ. ಓಡಿಹೋಗಲು ದಾರಿಯಿಲ್ಲದ ಬೆಕ್ಕು ಕಾದಾಡುತ್ತದೆ. ಎರಡು ವಾರ ಒಂದೂ ಕಾಳಗವಿಲ್ಲದೆ ಕಳೆದ ಮೇಲಷ್ಟೇ ಎರಡನ್ನೂ ಒಟ್ಟಿಗೆ ಬಿಟ್ಟು ಹೊರಗೆ ಹೋಗಿ.

ಕಾಯಿಲೆಗಾಗಿ ಕಾಯುವ ಎರಡು ವಾರ ಬಿಟ್ಟರೆ ಮರಿಗಳಿಗೆ ಇದೆಲ್ಲ ಕೆಲವೇ ದಿನದ ಮಾತು. ದೊಡ್ಡ ಬೆಕ್ಕುಗಳಿಗೆ ಮೂರು–ನಾಲ್ಕು ವಾರ ಸಾಮಾನ್ಯ, ಕೆಲವಕ್ಕೆ ತಿಂಗಳುಗಳು. ಯಾವ ಹಂತದಲ್ಲಿ ಕೆಟ್ಟರೂ ಒಂದು ಹಂತ ಹಿಂದಕ್ಕೆ ಹೋಗಿ, ಅಲ್ಲಿ ಎರಡು ದಿನ ನಿಲ್ಲಿ.

ಕಾಳಗ ಬಿದ್ದೇಬಿಟ್ಟರೆ ನಡುವೆ ಕೈ ಹಾಕಬೇಡಿ. ಅಗಲವಾದ ರಟ್ಟು ಅಥವಾ ದಿಂಬನ್ನು ಮಧ್ಯೆ ತೂರಿಸಿ, ಇಲ್ಲವೇ ದಪ್ಪ ಕಂಬಳಿ ಎಸೆದು ಬಿಡಿಸಿ. ಕಿರುಚಾಟ, ನೀರೆರಚುವುದು ಭಯವನ್ನು ಹೆಚ್ಚಿಸುತ್ತವೆ, ಆ ಭಯವನ್ನು ಬೆಕ್ಕು ಎದುರಿಗಿರುವ ಬೆಕ್ಕಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಬೇರೆ ಬೇರೆ ಕೋಣೆಗೆ ಸೇರಿಸಿ, ದೀಪ ಆರಿಸಿ, ಗಂಟೆಗಟ್ಟಲೆ ಹಾಗೇ ಬಿಡಿ. ಸಮಾಧಾನ ಮಾಡಲು ಎತ್ತಿಕೊಂಡರೆ ಆ ಸಿಟ್ಟು ನಿಮ್ಮ ಮೇಲೆ ತಿರುಗುತ್ತದೆ. ನಿಮಗೆ ಹಲ್ಲು ನಾಟಿದ್ದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಿ. ಬೆಕ್ಕಿನ ಹಲ್ಲಿನ ಗಾಯ ಹೊರಗೆ ಸೂಜಿಮೊನೆಯಷ್ಟು ಕಂಡರೂ ಆಳವಾಗಿರುತ್ತದೆ, ಬೇಗ ಕೀವಾಗುತ್ತದೆ. ರೇಬೀಸ್ ಲಸಿಕೆ ಬೇಕೇ ಎಂಬುದನ್ನೂ ಅವರೇ ನಿರ್ಧರಿಸಲಿ.

ಆಟವೋ, ಜಗಳವೋ

ಆಟಕ್ಕೆ ಸದ್ದು ಕಡಿಮೆ. ಒಮ್ಮೆ ಇದು ಮೇಲೆ, ಒಮ್ಮೆ ಅದು ಮೇಲೆ. ನಡುನಡುವೆ ನಿಂತು ಮೈ ನೆಕ್ಕಿಕೊಳ್ಳುತ್ತವೆ, ಓಡಿದ್ದೇ ತಿರುಗಿ ಬಂದು ಕೆಣಕುತ್ತದೆ. ಜಗಳದಲ್ಲಿ ಕಿವಿ ತಲೆಗೆ ಚಪ್ಪಟೆಯಾಗಿ ಅಂಟಿರುತ್ತದೆ, ಬಾಲ ಉಬ್ಬಿರುತ್ತದೆ, ಗುರುಗುಟ್ಟುವ ಉದ್ದ ದನಿ, ನೆಲದ ಮೇಲೆ ಕೂದಲ ಗುಪ್ಪೆ. ಇವು ಯಾರಿಗಾದರೂ ತಿಳಿಯುತ್ತವೆ.

ತಿಳಿಯದೆ ಹೋಗುವುದು ಸದ್ದಿಲ್ಲದ ದಬ್ಬಾಳಿಕೆ. ಒಂದು ಬೆಕ್ಕು ಹೊಸ್ತಿಲಿನ ಮೇಲೆ ಅಡ್ಡ ಮಲಗಿರುತ್ತದೆ, ನೋಡಿದರೆ ಎಂಥ ಸಾಧು ಅನ್ನಿಸಬೇಕು. ಇನ್ನೊಂದು ಟ್ರೇ ಕಡೆಗೆ ಹೊರಟು ಅದನ್ನು ಕಂಡು ನಿಲ್ಲುತ್ತದೆ, ಬೇರೆಲ್ಲೋ ನೋಡುತ್ತದೆ, ಹಿಂತಿರುಗಿ ಹೋಗುತ್ತದೆ. ಮಲಗಿದ್ದದ್ದು ತಲೆಯೆತ್ತಿ ಒಮ್ಮೆ ನೋಡಿದ್ದು ಬಿಟ್ಟರೆ ಏನೂ ಮಾಡಿಲ್ಲ. ಹಿಂತಿರುಗಿದ್ದು ಆಮೇಲೆ ಹಾಸಿಗೆಯ ಮೇಲೆ ಉಚ್ಚೆ ಹೊಯ್ದರೆ ಬೈಗುಳ ಅದಕ್ಕೇ. ಪರಿಹಾರ ಬೈಗುಳದಲ್ಲಿಲ್ಲ, ಜಾಗದ ಹಂಚಿಕೆಯಲ್ಲಿದೆ. ಎರಡು ಬೆಕ್ಕಿಗೆ ಮೂರು ಟ್ರೇ ಬೇಕು, ಮೂರೂ ಬೇರೆ ಬೇರೆ ಕಡೆ ಇರಬೇಕು. ಸಾಲಾಗಿ ಜೋಡಿಸಿಟ್ಟ ಮೂರು ಟ್ರೇ ಬೆಕ್ಕಿನ ಲೆಕ್ಕದಲ್ಲಿ ಒಂದೇ, ಏಕೆಂದರೆ ಕಾವಲು ಕೂತರೆ ಮೂರಕ್ಕೂ ದಾರಿ ಬಂದ್. ಟ್ರೇಯ ಉದ್ದ ಬೆಕ್ಕಿನ ಮೂಗಿನಿಂದ ಬಾಲದ ಬುಡದವರೆಗಿನ ಒಂದೂವರೆಯಷ್ಟಿರಲಿ, ಟ್ರೇಗೆ ಹಾಸುವ ಮರಳಿನಂಥ, ಸುಗಂಧವಿಲ್ಲದ ಲಿಟರ್ ಸುಮಾರು 5 ಸೆಂಟಿಮೀಟರ್ ದಪ್ಪ, ದಿನಕ್ಕೆರಡು ಸಲ ಕೊಳೆ ತೆಗೆಯುವುದು. ಮುಚ್ಚಳದ ಟ್ರೇ ಬೇಡ. ಒಂದೇ ಬಾಯಿಯಿರುವುದರಿಂದ ಒಳಗಿದ್ದದ್ದು ಹೊರಬರುವಾಗಲೇ ಇನ್ನೊಂದು ಎರಗುತ್ತದೆ. ಎತ್ತರದ ಹಲಗೆಗಳಿಗೂ ಹತ್ತಲು ಒಂದು ದಾರಿ, ಇಳಿಯಲು ಇನ್ನೊಂದು ದಾರಿ ಇರಲಿ.

ಪರಸ್ಪರ ನೆಕ್ಕುವುದು, ಮೈ ತಾಗಿಸಿ ಮಲಗುವುದು, ಬಾಲ ನೆಟ್ಟಗೆ ಮಾಡಿ ಬಂದು ಮೂಗಿಗೆ ಮೂಗು ತಾಗಿಸುವುದು ಗೆಳೆತನದ ಗುರುತುಗಳು. ಇವು ಇಲ್ಲದೆಯೂ ಒಂದೇ ಕೋಣೆಯಲ್ಲಿ ದೂರದೂರ ಮಲಗಿ ನಿಶ್ಚಿಂತೆಯಿಂದ ಇರುವ ಜೋಡಿಗಳು ಬಹಳ. ಅದೂ ಯಶಸ್ಸೇ.

ಊಟ

ಎರಡು ತಟ್ಟೆ, ಒಂದಕ್ಕೊಂದು ಕಾಣದ ಹಾಗೆ. ಅಕ್ಕಪಕ್ಕ ಕೂತು ತಿನ್ನುವ ದೃಶ್ಯ ನಮ್ಮ ಕಣ್ಣಿಗೆ ಚೆಂದ, ಆದರೆ ಗಬಗಬ ನುಂಗಿ ಆಮೇಲೆ ವಾಂತಿ ಮಾಡುವುದಕ್ಕೆ ಎಷ್ಟೋ ಸಲ ಅದೇ ಕಾರಣ. 4 ಕಿಲೋ ತೂಕದ, ಆಪರೇಷನ್ ಆದ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೋಕ್ಯಾಲೊರಿ ಸಾಕು. ಒಣ ಆಹಾರ 100 ಗ್ರಾಂಗೆ 350–400 ಕಿಲೋಕ್ಯಾಲೊರಿ ಕೊಡುವುದಾದರೆ ಅದು 50ರಿಂದ 70 ಗ್ರಾಂ. ಅಳತೆಯ ಲೋಟ ನಂಬಬೇಡಿ, ತಕ್ಕಡಿಯಲ್ಲಿ ತೂಗಿ. ದಿನಕ್ಕೆ 10 ಗ್ರಾಂ ಹೆಚ್ಚಾದರೂ ಐದರಿಂದ ಏಳು ಭಾಗಕ್ಕೊಂದು ಭಾಗ ಹೆಚ್ಚು ತಿಂದಂತಾಯಿತು. ದಿನದ ಪಾಲನ್ನು ನಾಲ್ಕೈದು ಸಲಕ್ಕೆ ಹಂಚಿ, ಇಪ್ಪತ್ತು ನಿಮಿಷದ ಮೇಲೆ ತಟ್ಟೆ ಎತ್ತಿಬಿಡಿ. ಒಂದು ಮರಿ, ಇನ್ನೊಂದು ದೊಡ್ಡದು ಇದ್ದರೆ ಬೇರೆ ಕೋಣೆಯಲ್ಲೇ ಬಡಿಸಬೇಕು, ಇಲ್ಲದಿದ್ದರೆ ಮರಿಯ ಕೊಬ್ಬಿನ ಆಹಾರ ದೊಡ್ಡದರ ಹೊಟ್ಟೆಗೆ ಹೋಗುತ್ತದೆ.

ಸದಾ ತುಂಬಿಟ್ಟ ಒಂದೇ ಬಟ್ಟಲಿನ ದೊಡ್ಡ ಅಪಾಯ ಬೇರೆ ಇದೆ. ಆಹಾರ ಖಾಲಿಯಾಗುತ್ತಿದೆ, ಆದ್ದರಿಂದ ಎರಡೂ ತಿನ್ನುತ್ತಿವೆ ಎಂದುಕೊಳ್ಳುತ್ತೇವೆ. ಒಂದು ಬೆಕ್ಕು ಎರಡು–ಮೂರು ದಿನದಿಂದ ತುತ್ತು ಮುಟ್ಟಿರದಿದ್ದರೂ ಗೊತ್ತಾಗುವುದಿಲ್ಲ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಅಷ್ಟು ದಿನ ಉಪವಾಸವಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ.

ಕಾಯಿಲೆ ಯಾವುದಕ್ಕೆ

ಜೋಡಿ ಸಾಕುವವರಿಗೆ ನಿಜವಾದ ತೊಡಕು ಇದು. ಟ್ರೇಯಲ್ಲಿ ರಕ್ತದ ಕಲೆ, ನೆಲದ ಮೇಲೆ ವಾಂತಿ, ಯಾವ ಬೆಕ್ಕಿನದು? ಎರಡನ್ನೂ ಒಂದು ದಿನ ಬೇರೆ ಕೋಣೆಯಲ್ಲಿಟ್ಟರೆ ಬಹುತೇಕ ತಿಳಿಯುತ್ತದೆ. ಜಾಗ ತಪ್ಪಿ ಉಚ್ಚೆ ಹೊಯ್ಯುತ್ತಿರುವುದು ಯಾವುದೆಂದು ಪತ್ತೆಯಾಗದಿದ್ದರೆ ಪಶುವೈದ್ಯರು ಒಂದಕ್ಕೆ ಫ್ಲೋರೆಸೀನ್ ಎಂಬ ಬಣ್ಣದ ದ್ರವ್ಯ ಕೊಡುತ್ತಾರೆ. ಆ ಬೆಕ್ಕಿನ ಉಚ್ಚೆ ಅತಿನೇರಳೆ ದೀಪದಲ್ಲಿ ಹೊಳೆಯುತ್ತದೆ. ತಿಂಗಳಿಗೊಮ್ಮೆ ಎರಡನ್ನೂ ತೂಗಿ ಬರೆದಿಡಿ. 4 ಕಿಲೋದ ಬೆಕ್ಕು 400 ಗ್ರಾಂ ಇಳಿಯಿತೆಂದರೆ ಅದು ಮೈತೂಕದ ಹತ್ತನೇ ಒಂದು ಭಾಗ, ಕಣ್ಣಿಗೆ ಕಾಣುವ ಮೊದಲೇ ತಕ್ಕಡಿ ಹೇಳುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಮುಕ್ಕಿ, ಹನಿ ಉಚ್ಚೆಯೂ ಬಾರದೆ ಒದ್ದಾಡಿದರೆ ನಾಳೆಯವರೆಗೆ ಕಾಯಬೇಡಿ. ಮೂತ್ರನಾಳ ಕಟ್ಟಿಕೊಂಡ ಬೆಕ್ಕು ಚಿಕಿತ್ಸೆಯಿಲ್ಲದಿದ್ದರೆ ಒಂದೆರಡು ದಿನದಲ್ಲೇ ಸಾಯಬಹುದು.

ಒಂದನ್ನೇ ಆಸ್ಪತ್ರೆಗೆ ಕರೆದೊಯ್ದು ತಂದಾಗ ವರ್ಷಗಟ್ಟಲೆ ಒಟ್ಟಿಗೆ ಮಲಗಿದ ಜೊತೆಗಾರನೇ ಅದರ ಮೇಲೆ ಹಾರುವುದು ಕಂಡು ಗಾಬರಿಯಾಗಬೇಡಿ. ರೂಪ ಅದೇ, ವಾಸನೆ ಬೇರೆ. ಮೂಗಿನ ಲೆಕ್ಕದಲ್ಲಿ ಬಂದಿರುವುದು ಅಪರಿಚಿತ. ಬಂದದ್ದನ್ನು ಕ್ಯಾರಿಯರ್‌ನಿಂದ ನೇರ ಬೇರೆ ಕೋಣೆಗೆ ಬಿಟ್ಟು, ಮನೆಯ ಹಳೆಯ ಹಾಸು ಕೊಟ್ಟು, ಅರಿವಳಿಕೆಯ ಮಂಪರು ಇಳಿದು ಮೈಯೆಲ್ಲ ನೆಕ್ಕಿಕೊಳ್ಳುವವರೆಗೆ, ಅಂದರೆ ಒಂದು ದಿನದ ಮಟ್ಟಿಗೆ, ಬಾಗಿಲು ಹಾಕಿಡಿ. ಆಮೇಲೂ ಬುಸುಗುಟ್ಟಿದರೆ ಕಾಲುಚೀಲದ ಹಂತದಿಂದ ಮತ್ತೆ ಶುರುಮಾಡಿ. ತಪಾಸಣೆ, ಲಸಿಕೆಗಳಿಗೆ ಎರಡನ್ನೂ ಒಂದೇ ದಿನ ಕರೆದುಕೊಂಡು ಹೋದರೆ ಈ ತಾಪತ್ರಯ ಬಹಳಷ್ಟು ತಪ್ಪುತ್ತದೆ. ಆದರೆ ಕ್ಯಾರಿಯರ್ ಎರಡಿರಲಿ, ಹೆದರಿದ ಎರಡು ಬೆಕ್ಕುಗಳನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಬೇಡಿ.